ರಾಗಿ ಖರೀದಿಗೂ ಜಿನೀವಾಗೂ ಏನು ಸಂಬಂಧ?



ಬೆಂಬಲ ಬೆಲೆಗೆ ರಾಗಿ ನೋಂದಣಿ ಮಾಡಿಸೋದು ಹೇಗೆ ಅಂತ ಹಿಂದೊಮ್ಮೆ ಬರೆದಿದ್ದೆ. ಅದನ್ನು ಓದಿದ ಒಬ್ಬ ಹುಡುಗ ವಾಟ್ಸಾಪ್‌ನಲ್ಲಿ ಕೇಳಿದ: "ಅಣ್ಣಾ, ಸರ್ಕಾರ ನಮ್ಮ ರಾಗಿನೆಲ್ಲಾ ಯಾಕೆ ತಗೊಳ್ಳಲ್ಲ? ಡಬ್ಲ್ಯುಟಿಒ ಬಿಡಲ್ಲ ಅಂತಾರೆ, ನಿಜಾನಾ?"

ಪೂರ್ತಿ ನಿಜ ಅಲ್ಲ. ಹಾಗಂತ ಪೂರ್ತಿ ಸುಳ್ಳೂ ಅಲ್ಲ. ಇವತ್ತು ಗೊಬ್ಬರ, ಕೀಟದ ವಿಷಯ ಬಿಟ್ಟು ಇದನ್ನೇ ಮಾತಾಡೋಣ.

ಮೊದಲು ನಮ್ಮೂರಿನ ಕತೆ

ತೋಟಗಾರಿಕೆ ಪದವಿ ಮುಗಿಸಿ ಸಾವಯವ ತರಕಾರಿ ಶುರು ಮಾಡಿದ ಹೊಸದರಲ್ಲಿ ನಾನೊಬ್ಬನೇ ಮಂಡಿಗೆ ಹೋಗ್ತಿದ್ದೆ. ವ್ಯಾಪಾರಿ ಹೇಳಿದ್ದೇ ರೇಟು. ಮೂರನೇ ವರ್ಷ ಏಳು ಜನ ಬೆಳೆಗಾರರು ಸೇರಿ ಒಂದೇ ಟೆಂಪೋದಲ್ಲಿ ಮಾಲು ತಗೊಂಡು ಹೋದೆವು. ಅದೇ ವ್ಯಾಪಾರಿ ಅವತ್ತು ಕುರ್ಚಿ ಹಾಕಿಸಿ ಟೀ ತರಿಸಿದ. ಎಂಟು ತಿಂಗಳು ಚೆನ್ನಾಗಿ ನಡೀತು. ಆಮೇಲೆ ಬೀನ್ಸ್ ಸೀಸನ್‌ನಲ್ಲಿ ನಮ್ಮಲ್ಲಿ ಜಾಸ್ತಿ ಬೆಳೆಯುವ ಇಬ್ಬರನ್ನು ಪಕ್ಕಕ್ಕೆ ಕರೆದು ಕಿಲೋಗೆ ಎರಡು ರೂಪಾಯಿ ಹೆಚ್ಚು ಕೊಡ್ತೀನಿ ಅಂದ. ಅವರು ಹೋದರು, ಗುಂಪು ಒಡೀತು. ಮುಂದಿನ ಸೀಸನ್‌ಗೆ ಆ ಇಬ್ಬರಿಗೂ ಹಳೇ ರೇಟೇ.

ದೇಶಗಳ ನಡುವೆಯೂ ಹೆಚ್ಚುಕಡಿಮೆ ಇದೇ ನಡೆಯುತ್ತೆ.

ನಿಯಮ ಬರೆದದ್ದು ಯಾರು?

ನಮ್ಮಪ್ಪನ ತಲೆಮಾರಿನವರಿಗೆ ಡಂಕೆಲ್ ಅನ್ನೋ ಹೆಸರು ಚೆನ್ನಾಗಿ ನೆನಪಿದೆ. 1991ರ ಡಿಸೆಂಬರ್‌ನಲ್ಲಿ ಬಂದ ಡಂಕೆಲ್ ಕರಡಿನ ವಿರುದ್ಧ ಪ್ರೊ. ಎಂ.ಡಿ. ನಂಜುಂಡಸ್ವಾಮಿ ಅವರ ರೈತ ಸಂಘ ಬೆಂಗಳೂರಿನಲ್ಲಿ ದೊಡ್ಡ ಹೋರಾಟ ಮಾಡಿತ್ತು. ಆ ಮಾತುಕತೆಯ ಕೃಷಿ ಭಾಗದ ಗಂಟು ಬಿಡಿಸಿದ್ದು 1992ರಲ್ಲಿ ಅಮೆರಿಕ ಮತ್ತು ಯುರೋಪ್ ತಮ್ಮೊಳಗೆ ಮಾಡಿಕೊಂಡ ಬ್ಲೇರ್ ಹೌಸ್ ಒಪ್ಪಂದ. ದೊಡ್ಡವರಿಬ್ಬರು ಒಪ್ಪಿದ ಮೇಲೆ ಉಳಿದವರಿಗೆ ತಿದ್ದಲು ಜಾಗ ಸಿಕ್ಕಿದ್ದು ಸ್ವಲ್ಪವೇ. 1995ರ ಜನವರಿ 1ರಂದು ವಿಶ್ವ ವ್ಯಾಪಾರ ಸಂಸ್ಥೆ, ಅಂದರೆ ಡಬ್ಲ್ಯುಟಿಒ, ಜಿನೀವಾದಲ್ಲಿ ಶುರುವಾಯ್ತು.

ಅದರ ಒಂದು ನಿಯಮ ನಮಗೆ ನೇರವಾಗಿ ತಾಗುತ್ತೆ. ಅಭಿವೃದ್ಧಿಶೀಲ ದೇಶವೊಂದು ಒಂದು ಬೆಳೆಗೆ ಕೊಡುವ ಬೆಲೆ ಬೆಂಬಲ, ಆ ಬೆಳೆಯ ಒಟ್ಟು ಉತ್ಪಾದನೆಯ ಮೌಲ್ಯದ ಶೇ. 10 ದಾಟಬಾರದು. ಕೇಳೋಕೆ ಸರಿ ಅನಿಸುತ್ತೆ. ಆದರೆ ಬೆಂಬಲ ಎಷ್ಟು ಅಂತ ಲೆಕ್ಕ ಹಾಕೋದು ಇವತ್ತಿನ ಬೆಂಬಲ ಬೆಲೆಯನ್ನು 1986-88ರ ಅಂತರರಾಷ್ಟ್ರೀಯ ಬೆಲೆಯ ಜೊತೆ ಹೋಲಿಸಿ! ಅಂದಿನ ಟ್ರ್ಯಾಕ್ಟರ್ ಬಾಡಿಗೆ ಇಟ್ಟುಕೊಂಡು ಇವತ್ತಿನ ಉಳುಮೆ ಖರ್ಚು ಬರೆದ ಹಾಗೆ. ಬೆಲೆ ಏರಿದಷ್ಟೂ ಕಾಗದದ ಮೇಲೆ "ಸಬ್ಸಿಡಿ" ಊದಿಕೊಳ್ಳುತ್ತಾ ಹೋಗುತ್ತೆ, ರೈತನ ಜೇಬಿಗೆ ಅಷ್ಟು ಬಂದಿರಲ್ಲ.

ಕ್ಯಾನ್‌ಕುನ್, 2003

ಡಬ್ಲ್ಯುಟಿಒದಲ್ಲಿ ನಿರ್ಧಾರ ಆಗೋದು ಸಹಮತದಿಂದ. ಸಭೆಯಲ್ಲಿ ಯಾರೂ "ಬೇಡ" ಅನ್ನದಿದ್ದರೆ ನಿರ್ಣಯ ಪಾಸ್. ಒಂದು ಸಣ್ಣ ದೇಶವೂ ಬೇಡ ಅನ್ನಬಹುದು, ಆದರೆ ಒಂಟಿಯಾಗಿ ಅಂದರೆ ಅದರ ಮೇಲೆ ಬೀಳುವ ಒತ್ತಡ ತಡೆಯೋದು ಕಷ್ಟ. ಗುಂಪು ಬೇಕಾಗೋದು ಅದಕ್ಕೇ.

2003ರ ಆಗಸ್ಟ್‌ನಲ್ಲಿ ಅಮೆರಿಕ ಮತ್ತು ಯುರೋಪ್ ಮತ್ತೆ ಹಳೇ ದಾರಿಯಲ್ಲೇ ಒಂದು ಜಂಟಿ ಕೃಷಿ ಕರಡು ತಂದವು. ಈ ಸಲ ಬ್ರೆಜಿಲ್, ಭಾರತ, ದಕ್ಷಿಣ ಆಫ್ರಿಕಾ, ಚೀನಾ ಮುಂತಾದ ದೇಶಗಳು ಕೆಲವೇ ವಾರಗಳಲ್ಲಿ ಜಿ-20 ಎಂಬ ಗುಂಪು ಕಟ್ಟಿ ತಮ್ಮದೇ ಕರಡು ಮುಂದಿಟ್ಟವು. (ರಾಷ್ಟ್ರನಾಯಕರು ಸೇರುವ ಜಿ-20 ಬೇರೆ, ಇದು ಬೇರೆ.) ಇಂಡೋನೇಷ್ಯಾ ಮುಂದಾಳತ್ವದಲ್ಲಿ ಜಿ-33 ಎಂಬ ಇನ್ನೊಂದು ಗುಂಪೂ ನಿಂತಿತು. ಭಾರತ ಎರಡರಲ್ಲೂ ಇತ್ತು.

ಸೆಪ್ಟೆಂಬರ್‌ನಲ್ಲಿ ಮೆಕ್ಸಿಕೋದ ಕ್ಯಾನ್‌ಕುನ್‌ನಲ್ಲಿ ಸಚಿವರ ಸಭೆ. ಪಶ್ಚಿಮ ಆಫ್ರಿಕಾ ಕಡೆಯ ನಾಲ್ಕು ಬಡ ದೇಶಗಳು, ಬೆನಿನ್, ಬುರ್ಕಿನಾ ಫಾಸೊ, ಮಾಲಿ ಮತ್ತು ಚಾಡ್, ಒಂದು ಸರಳ ಮಾತು ಹೇಳಿದವು: "ಅಮೆರಿಕ ತನ್ನ ಹತ್ತಿ ಬೆಳೆಗಾರರಿಗೆ ಕೊಡುವ ಸಬ್ಸಿಡಿಯಿಂದ ಹತ್ತಿ ಬೆಲೆ ಬಿದ್ದು ನಮ್ಮ ರೈತರು ಮುಳುಗ್ತಿದ್ದಾರೆ, ನಿಲ್ಲಿಸಿ." ಅಲ್ಲಿ ಮುಂದಿಟ್ಟ ಕರಡಿನಲ್ಲಿ ಅವರಿಗೆ ಸಿಕ್ಕಿದ್ದು, ಬೇರೆ ಬೆಳೆ, ಬೇರೆ ಕಸುಬಿನ ಕಡೆ ತಿರುಗಲು ನೆರವು ಕೊಡೋಣ ಅನ್ನುವ ಧಾಟಿಯ ಉತ್ತರ. ಜೊತೆಗೆ ಹೂಡಿಕೆ, ಸ್ಪರ್ಧಾ ನೀತಿ, ಸರ್ಕಾರಿ ಖರೀದಿ ಬಗ್ಗೆ ಹೊಸ ನಿಯಮ ಬೇಕು ಅಂತ ಶ್ರೀಮಂತ ದೇಶಗಳ ಒತ್ತಾಯ. ಬಡ ದೇಶಗಳು ಬಗ್ಗಲಿಲ್ಲ, ಸೆಪ್ಟೆಂಬರ್ 14ರಂದು ಸಭೆ ಮುರಿದುಬಿತ್ತು. ಮುಂದಿನ ವರ್ಷ ಈ ಮೂರೂ ವಿಷಯಗಳನ್ನು ದೋಹಾ ಸುತ್ತಿನ ಮಾತುಕತೆಯಿಂದ ಕೈಬಿಡಲಾಯ್ತು.

ಜಿ-33 ಕೇಳಿದ್ದೇನು?

ಜಿ-33ರಲ್ಲಿ ಈಗ ನಲವತ್ತಕ್ಕೂ ಹೆಚ್ಚು ದೇಶಗಳಿವೆ. ಇಂಡೋನೇಷ್ಯಾ, ಫಿಲಿಪ್ಪೀನ್ಸ್, ಶ್ರೀಲಂಕಾ, ಕೀನ್ಯಾ, ನಾವು. ಸಣ್ಣ ಹಿಡುವಳಿಯ ರೈತರೇ ಹೆಚ್ಚಿರುವ ದೇಶಗಳು. ಇವರ ಮುಖ್ಯ ಬೇಡಿಕೆ: ಹೊರಗಿನ ಮಾಲು ಇದ್ದಕ್ಕಿದ್ದಂತೆ ನುಗ್ಗಿದರೆ, ಇಲ್ಲವೇ ಬೆಲೆ ಕುಸಿದರೆ, ಸ್ವಲ್ಪ ಕಾಲ ಹೆಚ್ಚುವರಿ ಸುಂಕ ಹಾಕುವ ಹಕ್ಕು ಬೇಕು.

2008ರ ಜುಲೈನಲ್ಲಿ ಜಿನೀವಾದಲ್ಲಿ ಒಂಬತ್ತು ದಿನ ಇದೇ ಜಗ್ಗಾಟ. ಮಾಮೂಲಿ ಆಮದು 100 ಚೀಲ ಅಂತಿಟ್ಟುಕೊಳ್ಳಿ. ಒಪ್ಪಿಕೊಂಡ ಮಿತಿಗಿಂತ ಹೆಚ್ಚು ಸುಂಕ ಹಾಕಬೇಕಾದರೆ ಆಮದು 140 ದಾಟಿರಬೇಕು ಅಂತ ಅಮೆರಿಕ. ಅಷ್ಟರಲ್ಲಿ ನಮ್ಮ ರೈತ ಇರಲ್ಲ, 110ಕ್ಕೇ ಬಾಗಿಲು ಹಾಕೋಕೆ ಬಿಡಿ ಅಂತ ಭಾರತ ಮತ್ತು ಜಿ-33. ಆಗ ವಾಣಿಜ್ಯ ಸಚಿವರಾಗಿದ್ದ ಕಮಲ್ ನಾಥ್ ಹಿಂದೆ ಸರಿಯಲಿಲ್ಲ. ಜುಲೈ 29ರಂದು ಆ ಮಾತುಕತೆಯೂ ಮುರಿಯಿತು. ಆ ಹಕ್ಕು ಇನ್ನೂ ಕೈಗೆ ಬಂದಿಲ್ಲ.

ಬಾಲಿಯಲ್ಲಿ ಸಿಕ್ಕ ಕೊಡೆ

2013ರ ಡಿಸೆಂಬರ್‌ನಲ್ಲಿ ಇಂಡೋನೇಷ್ಯಾದ ಬಾಲಿಯಲ್ಲಿ ಸ್ವಲ್ಪ ಫಲ ಸಿಕ್ಕಿತು. ಆಹಾರ ಭದ್ರತೆಗಾಗಿ ಧಾನ್ಯ ಖರೀದಿಸಿ ದಾಸ್ತಾನು ಮಾಡುವಾಗ ಶೇ. 10ರ ಮಿತಿ ದಾಟಿದರೂ ಆ ಕಾರಣಕ್ಕೆ ದೂರು ಹಾಕುವ ಹಾಗಿಲ್ಲ ಎಂಬ ನಿರ್ಣಯ. ಇದನ್ನು "ಶಾಂತಿ ಷರತ್ತು" ಅಂತಾರೆ. ಮೊದಲು ಇದು ನಾಲ್ಕೇ ವರ್ಷಕ್ಕೆ ಅನ್ನುವ ಅರ್ಥ ಬರ್ತಿತ್ತು. 2014ರ ಜುಲೈನಲ್ಲಿ ಭಾರತ ಇನ್ನೊಂದು ಒಪ್ಪಂದಕ್ಕೆ ಒಪ್ಪಿಗೆ ತಡೆಹಿಡಿದು ಕೂತಿತು. ನವೆಂಬರ್‌ನಲ್ಲಿ, ಶಾಶ್ವತ ಪರಿಹಾರ ಸಿಗುವವರೆಗೂ ಈ ರಕ್ಷಣೆ ಇರುತ್ತೆ ಅಂತ ಬರೆಸಿಕೊಂಡಿತು.

ಇದು ಬರೀ ಕಾಗದ ಅಲ್ಲ. 2018-19ರಲ್ಲಿ ನಮ್ಮ ಅಕ್ಕಿ ಉತ್ಪಾದನೆಯ ಮೌಲ್ಯ ಸುಮಾರು 4,367 ಕೋಟಿ ಡಾಲರ್, ಲೆಕ್ಕಕ್ಕೆ ಬಂದ ಬೆಂಬಲ ಸುಮಾರು 500 ಕೋಟಿ ಡಾಲರ್. ಶೇ. 10 ದಾಟಿತು. ಭಾರತ ಈ ಕೊಡೆ ಬಿಚ್ಚಿ ಹಿಡಿಯಿತು, ಭತ್ತದ ಖರೀದಿ ನಿಲ್ಲಲಿಲ್ಲ.

ಆದರೆ ಕೊಡೆಯಲ್ಲಿ ತೂತುಗಳಿವೆ. 2013ರ ಆ ನಿರ್ಣಯದ ಹೊತ್ತಿಗೆ ಇದ್ದ ಯೋಜನೆಗಳಿಗೆ ಮಾತ್ರ ಇದರ ರಕ್ಷಣೆ. ಲೆಕ್ಕಪತ್ರ ಸರಿಯಾಗಿ ಒಪ್ಪಿಸುತ್ತಿರಬೇಕು. ಶಾಶ್ವತ ಪರಿಹಾರ 2024ರಲ್ಲಿ ಅಬುಧಾಬಿಯ ಸಭೆಯಲ್ಲೂ ಆಗಲಿಲ್ಲ.

ಗುಂಪಿನೊಳಗಿನ ಬಿರುಕು

ಬಡ ದೇಶಗಳೆಲ್ಲಾ ಒಂದೇ ಅಂದುಕೊಂಡರೆ ತಪ್ಪು. 2003ರಲ್ಲಿ ನಮ್ಮ ಪಕ್ಕ ಕೂತಿದ್ದ ಬ್ರೆಜಿಲ್, 2008ರಲ್ಲಿ ಮುಂದಿಟ್ಟ ಪ್ಯಾಕೇಜನ್ನು ಒಪ್ಪಲು ತಯಾರಿತ್ತು. ಸೋಯಾ, ಸಕ್ಕರೆ, ಮಾಂಸ ಮಾರುವ ದೇಶಕ್ಕೆ ಬೇರೆಯವರ ಬಾಗಿಲು ತೆರೆದಿರಬೇಕು, ನಮಗೆ ನಮ್ಮ ಬಾಗಿಲಿಗೆ ಚಿಲಕ ಬೇಕು. 2019ರಲ್ಲಿ ಇದೇ ಬ್ರೆಜಿಲ್ ನಮ್ಮ ಕಬ್ಬು-ಸಕ್ಕರೆ ಬೆಂಬಲದ ಮೇಲೆ ಡಬ್ಲ್ಯುಟಿಒದಲ್ಲಿ ಕೇಸು ಹಾಕಿತು. ಅಕ್ಕಿ ಮಾರುವ ಥಾಯ್ಲೆಂಡ್‌ಗೂ ನಮ್ಮ ಸರ್ಕಾರಿ ದಾಸ್ತಾನಿನ ಮೇಲೆ ಕಣ್ಣು. ಅವರ ರೈತರ ಕಡೆಯಿಂದ ನೋಡಿದರೆ ಆ ಆತಂಕವೂ ಸುಳ್ಳಲ್ಲ.

ಜಿ-33 ಇಷ್ಟು ವರ್ಷ ಒಡೆಯದೆ ಉಳಿದಿದೆ ಅಂದರೆ, ನನ್ನ ಪ್ರಕಾರ ಕಾರಣ ಒಂದೇ. ಅದರ ಬೇಡಿಕೆ ಸಣ್ಣದು, ಸ್ಪಷ್ಟ, ಎಲ್ಲರಿಗೂ ಬೇಕಾದದ್ದು. ನಮ್ಮ ತರಕಾರಿ ಗುಂಪು ಮಾಡಿದ ತಪ್ಪೂ ಈಗ ಕಾಣುತ್ತೆ. ಎಲ್ಲಾ ಮಾಲಿಗೂ ಎಲ್ಲರಿಗೂ ಒಂದೇ ಲಾಭ ಅಂದುಕೊಂಡಿದ್ದೆವು, ಯಾರಿಗೆ ಏನು ಬೇಕು ಅಂತ ಕೂತು ಮಾತಾಡಿರಲೇ ಇಲ್ಲ. ಈಗ ಐದು ಜನ ಮತ್ತೆ ಸೇರಿದ್ದೇವೆ, ಬೀನ್ಸ್ ಮತ್ತು ಟೊಮ್ಯಾಟೊಗೆ ಮಾತ್ರ.

ಹಾಗಾದರೆ ಆ ಹುಡುಗನಿಗೆ ಉತ್ತರ?

ತಮ್ಮಾ, ಶೇ. 10ರ ಮೇಲ್ಮಿತಿ ಜಿನೀವಾದ್ದು. ಆದರೆ ಈ ವರ್ಷ ಎಷ್ಟು ರಾಗಿ ಕೊಳ್ಳಬೇಕು, ಒಬ್ಬ ರೈತನಿಂದ ಎಷ್ಟು ಕ್ವಿಂಟಾಲ್, ಕೇಂದ್ರ ಯಾವಾಗ ತೆರೀಬೇಕು ಅನ್ನೋದನ್ನು ತೀರ್ಮಾನ ಮಾಡೋದು ದೆಹಲಿ ಮತ್ತು ಬೆಂಗಳೂರು.

ಸುಂಕದ ವಿಷಯವೂ ಹಾಗೇ. ಕಚ್ಚಾ ಪಾಮ್ ಎಣ್ಣೆಗೆ ಶೇ. 300ರವರೆಗೆ ಸುಂಕ ಹಾಕಲು ಡಬ್ಲ್ಯುಟಿಒ ನಮಗೆ ಅವಕಾಶ ಕೊಟ್ಟಿದೆ. 2025ರ ಮೇ ಕೊನೆಯಲ್ಲಿ ನಮ್ಮ ಕೇಂದ್ರ ಸರ್ಕಾರವೇ ಮೂಲ ಸುಂಕವನ್ನು ಶೇ. 20ರಿಂದ 10ಕ್ಕೆ ಇಳಿಸಿತು. ಅಡುಗೆ ಎಣ್ಣೆ ಅಗ್ಗವಾಗಲಿ ಅನ್ನೋದು ಅದರ ಲೆಕ್ಕ, ಶೇಂಗಾ ಮತ್ತು ಸೂರ್ಯಕಾಂತಿ ಬೆಳೆಯುವವನ ಲೆಕ್ಕ ಬೇರೆ. ಅದನ್ನು ಜಿನೀವಾ ಮೇಲೆ ಹಾಕೋಕಾಗಲ್ಲ.

ಹೊರಗೆ ನಲವತ್ತು ದೇಶ ಸೇರಿ ಬಾಗಿಲು ಕಾದು ನಮಗೆ ಉಳಿಸಿಕೊಟ್ಟಿರೋದು ಒಂದಿಷ್ಟು ಜಾಗ. ಆ ಜಾಗವನ್ನು ಬಳಸಿಕೊಂಡಿದ್ದೀರಾ ಅಂತ ಕೇಳಬೇಕಾದ್ದು ನಮ್ಮ ಶಾಸಕರನ್ನ, ಸಂಸದರನ್ನ. ಮುಂದಿನ ಸಲ ಯಾರಾದರೂ "ಡಬ್ಲ್ಯುಟಿಒ ಬಿಡಲ್ಲ" ಅಂದರೆ, "ಯಾವ ನಿಯಮ ಸ್ವಾಮಿ?" ಅಂತ ಒಂದು ಮಾತು ಕೇಳಿ ನೋಡಿ.

ಮುಂದಿನ ವಾರ ಮತ್ತೆ ಹೊಲಕ್ಕೆ ಹೋಗೋಣ, ಟೊಮ್ಯಾಟೊ ಎಲೆ ಮುದುಡು ರೋಗದ ಬಗ್ಗೆ ಬರೀತೀನಿ.