ಕತ್ತಲೆಕಾನಿನಲ್ಲಿ ಹವಾಮಾನದ ಹಳೆಯ ಕಡತ

ಜೋಗ ನೋಡಿ ಹೊನ್ನಾವರದ ಕಡೆಗೆ ಘಟ್ಟ ಇಳಿಯುವವರಿಗೆ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನು ಎದುರಾಗುತ್ತದೆ. ಹೆಸರಿಗೆ ತಕ್ಕಂತೆ ಹಗಲಲ್ಲೂ ಮಬ್ಬು. ಬಸ್ಸಿನಲ್ಲಿ ಕುಳಿತವರಿಗೆ ಅದು ಬರೀ ಕಾಡು. ಪರಿಸರ ವಿಜ್ಞಾನಿಗಳಿಗೆ ಮಾತ್ರ ಸಾವಿರಾರು ವರ್ಷಗಳ ಹವಾಮಾನ ಬರೆದಿಟ್ಟ ಕಡತ.

ಈ ಕಡತ ಓದಿದವರಲ್ಲಿ ಮುಖ್ಯರು ಡಾ. ಎಂ.ಡಿ. ಸುಭಾಷ್ ಚಂದ್ರನ್. ಕುಮಟಾದ ಬಾಳಿಗಾ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಲೇ, ಮಾಧವ ಗಾಡ್ಗೀಳರ ಜೊತೆ ಉತ್ತರ ಕನ್ನಡದ ಕಾಡು ಸುತ್ತಿದವರು. ಕಾನುಗಳು, ದೇವರ ಕಾಡುಗಳು ಅವರ ಅಧ್ಯಯನದ ವಸ್ತು.

ಧ್ರುವ ಪ್ರದೇಶದಲ್ಲಿ ಹಿಂದಿನ ಹವಾಮಾನ ಹಿಮದ ಪದರಗಳಲ್ಲಿ ಉಳಿದಿದೆ. ನಮ್ಮಲ್ಲಿ ಹಿಮ ಎಲ್ಲಿಯದು? ಇಲ್ಲಿ ಆ ಕೆಲಸ ಮಾಡುವುದು ಹೂವಿನ ಪರಾಗ. ನದಿಯೊಡನೆ ಸಾಗಿ ಕಡಲ ತಳದ ಕೆಸರಿನಲ್ಲಿ ಹೂತ ಪರಾಗ ಸುಲಭವಾಗಿ ಕೊಳೆಯುವುದಿಲ್ಲ. ಪಾಂಡಿಚೇರಿಯ ಫ್ರೆಂಚ್ ಸಂಸ್ಥೆಯ ಕರಾಟಿನಿ ಮತ್ತು ಸಂಗಡಿಗರು ಕಾರವಾರದ ಕಡಲಿನ ಇಂಥ ಕೆಸರನ್ನು ಪರೀಕ್ಷಿಸಿ 1991ರಲ್ಲಿ ಫಲಿತಾಂಶ ಪ್ರಕಟಿಸಿದರು. ಸುಮಾರು 3,500 ವರ್ಷಗಳ ಹಿಂದೆ ಕಾಡಿನ ಮರಗಳ ಪರಾಗ ಇಳಿದು, ಹುಲ್ಲಿನದು ಏರಿತ್ತು. ಮಳೆ ಕಡಿಮೆಯಾದದ್ದು ಅದಕ್ಕೆ ಕಾರಣವೆಂದು ಅವರು ಕಂಡರು. 1997ರಲ್ಲಿ ಪಶ್ಚಿಮ ಘಟ್ಟದ ಪರಿಸರ ಚರಿತ್ರೆ ಬರೆದ ಚಂದ್ರನ್, ಕಾಡು ಕಡಿದು ಸುಟ್ಟು ಬಿತ್ತುವ ಕುಮರಿ ಬೇಸಾಯದ ಪಾತ್ರವನ್ನೂ ಮುಂದಿಟ್ಟರು.

ಹಾಗಾದರೆ ಹಳೆಯ ಕಾಡು ಉಳಿದದ್ದೆಲ್ಲಿ? ಬತ್ತದ ತೊರೆಗಳ ಬದಿಯಲ್ಲಿ. ಕತ್ತಲೆಕಾನಿನ ಜೌಗಿನಲ್ಲಿ ರಾಮಪತ್ರೆ ಕುಟುಂಬದ ಮರಗಳಿವೆ. ಕೆಸರಿನಲ್ಲಿ ಬೇರಿಗೆ ಗಾಳಿ ಸಾಲದು. ಆದ್ದರಿಂದ ಇವುಗಳ ಬೇರು ಮಡಿಸಿದ ಮಂಡಿಯಂತೆ ನೆಲದಿಂದ ಮೇಲೆದ್ದು ಉಸಿರಾಡುತ್ತದೆ. ಬೀಜ ದಪ್ಪ, ಒಣಗಿದರೆ ಮೊಳೆಯುವುದಿಲ್ಲ. ಹರಡಲು ಮಂಗಟ್ಟೆಯಂಥ ಹಕ್ಕಿ ಬೇಕು. ಇಂಥ ಮರ ಒಣ ಬಯಲು ದಾಟಿ ಹೊಸದಾಗಿ ನೆಲೆಯೂರುವುದು ಕಷ್ಟ. ಅದು ಇಂದೂ ನಿಂತಿದೆ ಎಂದರೆ, ಅಲ್ಲಿನ ನೀರು ಬಹುಕಾಲದಿಂದ ಬತ್ತಿಲ್ಲವೆಂದೇ ಅರ್ಥ. ಚಂದ್ರನ್ ಮತ್ತು ಸಂಗಡಿಗರು 1999ರಲ್ಲಿ ಜಿಲ್ಲೆಯ ಇಂಥ ಜೌಗುಗಳ ವಿವರ ಪ್ರಕಟಿಸಿದರು. ಮರುವರ್ಷವೇ ದಾಸಪ್ಪ ಮತ್ತು ಸ್ವಾಮಿನಾಥ್ ಇಲ್ಲಿಯ ಗೇರು ಕುಟುಂಬದ ಹೊಸ ಮರವೊಂದನ್ನು ವಿವರಿಸಿ, ಅದಕ್ಕೆ ಕತ್ತಲೆಕಾನಿನ ಹೆಸರನ್ನೇ ಇಟ್ಟರು: ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್.

ಕಾನಿನ ಬೆಲೆ ಮಲೆನಾಡಿಗರಿಗೆ ಹೊಸದಲ್ಲ. ಕಾಳುಮೆಣಸು ಬೆಳೆದದ್ದೂ, ದೇವರನ್ನು ಕಂಡದ್ದೂ ಅಲ್ಲೇ. ಸೊರಬದ ಕಾನುಗಳ ಬಗ್ಗೆ ಬ್ರಾಂಡಿಸ್ ಮತ್ತು ಗ್ರಾಂಟ್ 1868ರಲ್ಲೇ ವರದಿ ಬರೆದಿದ್ದರು.

ಈ ಜೌಗುಗಳು ಬಹಳ ಚಿಕ್ಕವು. ಮೇಲಿನ ತೊರೆಯನ್ನು ಅಡಿಕೆ ತೋಟಕ್ಕೋ ಗದ್ದೆಗೋ ತಿರುಗಿಸಿದರೆ ಮಂಡಿಬೇರಿನ ಮರ ಉಳಿಯದು. ಮಳೆಯ ಲೆಕ್ಕ ತಪ್ಪುತ್ತಿರುವ ಈ ದಿನಗಳಲ್ಲಿ ಅಪಾಯ ಇನ್ನೂ ಹೆಚ್ಚು. ಮಳೆ ನಮ್ಮ ಕೈಯಲ್ಲಿಲ್ಲ, ನಿಜ. ತೊರೆಯನ್ನು ಅದರ ದಾರಿಯಲ್ಲಿ ಹರಿಯಲು ಬಿಡುವುದಾದರೂ ನಮ್ಮ ಕೈಯಲ್ಲಿದೆ.