ಮೊಗ್ಗು ಕೆಡಿಸಿದ್ದು ಯಾವ ನೊಣ?

ಹೂವಿನಹಡಗಲಿಯ ಮಲ್ಲಿಗೆಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಮಲ್ಲಿಗೆ ಮೊಗ್ಗಿಗೆ ಕಾಟ ಕೊಡುವ ನೊಣಗಳ ಬಳಗದಲ್ಲಿ ಮಾತ್ರ ಬಹುಪಾಲಿಗೆ ಇನ್ನೂ ಹೆಸರೇ ಇಲ್ಲ. ಗಾಲ್ ಮಿಡ್ಜ್ ಎಂಬ ಈ ಬಳಗ ಭತ್ತದ ರೈತರಿಗೆ ಕಣೆಹುಳುವಾಗಿ ಪರಿಚಿತ. ಜಗತ್ತಿನಲ್ಲಿ ಹೆಸರು ಪಡೆದ ಪ್ರಭೇದಗಳು ಸುಮಾರು 6,600. ಆದರೆ 2016ರಲ್ಲಿ ಡಿಎನ್‌ಎ ಆಧಾರದ ಮೇಲೆ ಲೆಕ್ಕ ಹಾಕಿದವರು ಕೆನಡಾ ಒಂದರಲ್ಲೇ 16,000 ಇರಬಹುದು ಎಂದರು! ನಮ್ಮ ದೇಶದ ಹಲವಕ್ಕೆ ಹೆಸರಿಟ್ಟವರು ಕೀಟತಜ್ಞ ಎಂ.ಎಸ್. ಮಣಿ.

ನೇರಳೆಗೆ ತಿರುಗಿದ ಮೊಗ್ಗು ಕಂಡರೆ ಮೊದಲು ತೂತು ಹುಡುಕಿ. ದುಂಡನೆಯ ತೂತಿದ್ದರೆ ಅದು ಮೊಗ್ಗು ಕೊರಕ, ಪತಂಗದ ಮರಿ. ತೂತಿಲ್ಲದೆ ಬುಡ ಊದಿಕೊಂಡಿದ್ದರೆ ಉಗುರಿನಿಂದ ಸೀಳಿ. ಕಾಲಿಲ್ಲದ, ತಲೆಯೂ ಎದ್ದು ಕಾಣದ, ಎರಡು ಮಿಲಿಮೀಟರಿನ ಬಿಳಿ-ಹಳದಿ ಹುಳಗಳು ಹೊರಳಾಡುತ್ತಿರಬಹುದು. ಬಲಿತ ಹುಳ ಮೈಯನ್ನು ಬಿಲ್ಲಿನಂತೆ ಬಾಗಿಸಿ ಚಂಗನೆ ನೆಗೆಯುತ್ತದೆ, ಮಣ್ಣಿಗಿಳಿದು ಕೋಶವಾಗುತ್ತದೆ. ಅದು ಕಾಂಟರೀನಿಯ ಮ್ಯಾಕ್ಯುಲಿಪೆನ್ನಿಸ್ ಎಂಬ ಗಾಲ್ ಮಿಡ್ಜ್ ಇರಬಹುದು. ಇರಬಹುದು, ಅಷ್ಟೇ. ಮರಿ ನೋಡಿ ಪ್ರಭೇದ ಹೇಳುವುದು ತಜ್ಞರಿಗೂ ಕಷ್ಟ.

ಖಚಿತವಾಗಬೇಕಾದರೆ ರೆಕ್ಕೆ ಬಂದ ನೊಣವೇ ಬೇಕು. ಸೊಳ್ಳೆಗಿಂತ ಸಣ್ಣದು, ಮುಟ್ಟಿದರೆ ಮುರಿಯುವಂಥದ್ದು. ಗಾಜಿನ ಪಟ್ಟಿಗೆ ಏರಿಸಿ ಮೈಕ್ರೋಸ್ಕೋಪಿನಡಿ ಇಟ್ಟರೆ ಕೆಲವೇ ನರಗಳ, ಮಚ್ಚೆಯುಳ್ಳ ರೆಕ್ಕೆ ಕಾಣುತ್ತದೆ. ಗಂಡಿನ ಮೀಸೆಯ ಗೆಣ್ಣುಗಳಲ್ಲಿ ಕುಣಿಕೆ ಹಾಕಿದಂಥ ಎಳೆಗಳಿರುತ್ತವೆ. ಫೆಲ್ಟ್ ಎಂಬ ಕೀಟತಜ್ಞ 1933ರಲ್ಲಿ ಹವಾಯಿಯ ದಾಸವಾಳದ ಮೊಗ್ಗಿನಲ್ಲಿ ಸಿಕ್ಕ ಈ ನೊಣಕ್ಕೆ ಹೆಸರಿಟ್ಟರು. ಗಾಲ್ ಮಿಡ್ಜ್‌ಗಳು ಸಾಮಾನ್ಯವಾಗಿ ಒಂದು ಗಿಡ ಅಥವಾ ಅದರ ಹತ್ತಿರದ ಸಂಬಂಧಿಗಳಿಗಷ್ಟೇ ಅಂಟಿಕೊಳ್ಳುವಂಥವು. ಹಾಗಾಗಿ ದಾಸವಾಳದ್ದು ಬೇರೆ, ಮಲ್ಲಿಗೆಯದು ಬೇರೆ ಎಂದುಕೊಳ್ಳುವುದು ಸಹಜ. ಈ ನೊಣ ಮಾತ್ರ ಕನಿಷ್ಠ ಆರು ಸಸ್ಯ ಕುಟುಂಬಗಳಲ್ಲಿ ಬದುಕುತ್ತದೆಂದು ಕೀಟತಜ್ಞ ರೇಮಂಡ್ ಗ್ಯಾಗ್ನೆ 1995ರಲ್ಲಿ ತೋರಿಸಿದರು. ಅಂದಮೇಲೆ ಬದುವಿನ ದಾಸವಾಳವನ್ನು ಬಿಟ್ಟು ಮಲ್ಲಿಗೆಗೆ ಮಾತ್ರ ಔಷಧಿ ಹೊಡೆದು ಏನು ಫಲ? ಮುಚ್ಚಿದ ಮೊಗ್ಗಿನೊಳಗೆ ಔಷಧಿ ತಲುಪುವುದೂ ಅನುಮಾನ.

ಉದುರಿದ ಮೊಗ್ಗನ್ನು ಬುಡದಲ್ಲೇ ಬಿಡದೆ ಆರಿಸಿ ಸುಡಿ. ಒಂದು ಹಿಡಿಯನ್ನು ಮಾತ್ರ ಒದ್ದೆ ಮರಳಿನ ಬಾಟಲಿಗೆ ಹಾಕಿ, ತೆಳುಬಟ್ಟೆ ಕಟ್ಟಿ ಇಟ್ಟುಕೊಳ್ಳಿ. ಹೊರಬಂದ ನೊಣಗಳನ್ನು ಆಲ್ಕೋಹಾಲಿನಲ್ಲಿ ಹಾಕಿ, ಗಿಡ, ಊರು, ತಾರೀಕು ಬರೆದ ಚೀಟಿಯ ಸಮೇತ ಹತ್ತಿರದ ಕೃಷಿ ವಿಜ್ಞಾನಿಗಳಿಗೆ ಕೊಡಿ. ದೇಶದ ಕೃಷಿ ಕೀಟಗಳ ಸಂಗ್ರಹವಿರುವ ರಾಷ್ಟ್ರೀಯ ಬ್ಯೂರೋ ನಮ್ಮ ಬೆಂಗಳೂರಿನಲ್ಲೇ ಇದೆ.