ಮರುಕಳಿಕೆಯ ಕಾರಣಕಥನ: ಮಲ್ಟಿಪಲ್ ಸ್ಕ್ಲೆರೋಸಿಸ್‌ನಲ್ಲಿ ನಿರೋಧಕ ಹಾಗೂ ಪರಿಸರದ ಅಂಶಗಳು

ವಾಸಿಯಾಗಿದ್ದ ರೋಗ ಮತ್ತೆ ಕಾಣಿಸಿಕೊಂಡಾಗ ‘ಈಗ ಏಕೆ ಬಂತು?’ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಅದಕ್ಕೆ ಮುಂಚೆ ನಡೆದ ಸಂಗತಿಗಳಲ್ಲಿ ಒಂದನ್ನು ರೋಗಿಯೋ ಮನೆಯವರೋ ಕಾರಣವೆಂದು ನಿರೂಪಿಸುತ್ತಾರೆ: ಒಂದು ಸಾವು, ಒಂದು ಹೆರಿಗೆ, ಒಂದು ಚುಚ್ಚುಮದ್ದು, ಬಿಸಿಲಿನ ಪ್ರಯಾಣ. ಜನಪದ ವೈದ್ಯದ ಅಧ್ಯಯನಕ್ಕೆ ಇಂತಹ ನಿರೂಪಣೆಗಳು ಮುಖ್ಯ ಆಕರಗಳು. ಪ್ರಸ್ತುತ ಲೇಖನದಲ್ಲಿ ಇವನ್ನು ‘ಕಾರಣಕಥನ’ ಎಂದು ಕರೆಯಲಾಗಿದೆ. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರವ್ಯೂಹದ ಕಾಯಿಲೆಯ ಮರುಕಳಿಕೆಯನ್ನು ಕುರಿತ ವೈದ್ಯಕೀಯ ತಿಳಿವಳಿಕೆಯ ಬೆಳಕಿನಲ್ಲಿ ಈ ಕಥನಗಳನ್ನು ಪರಿಶೀಲಿಸುವುದು ಇಲ್ಲಿಯ ಉದ್ದೇಶ.

ಈ ಕಾಯಿಲೆಯ ಸ್ಪಷ್ಟ ವಿವರಣೆಯನ್ನು ಪ್ಯಾರಿಸ್ಸಿನ ವೈದ್ಯ ಶಾರ್ಕೊ 1868ರಲ್ಲಿ ನೀಡಿದನು. ಅದಕ್ಕೂ ಹಿಂದಿನ ಒಂದು ಮಹತ್ವದ ದಾಖಲೆ ಇಂಗ್ಲೆಂಡಿನ ದೊರೆ ಮೂರನೆಯ ಜಾರ್ಜನ ಮೊಮ್ಮಗ ಅಗಸ್ಟಸ್ ಡೆಸ್ಟೆಯ (1794-1848) ದಿನಚರಿ. 1948ರಲ್ಲಿ ಪ್ರಕಟವಾದ ಇದರ ಆಧಾರದ ಮೇಲೆ ವೈದ್ಯರು ಅವನಿಗಿದ್ದುದು ಇದೇ ಕಾಯಿಲೆಯೆಂದು ಗುರುತಿಸಿದ್ದಾರೆ. 1822ರ ಡಿಸೆಂಬರಿನಲ್ಲಿ ಅವನು ತಂದೆಯಂತೆ ಪ್ರೀತಿಸುತ್ತಿದ್ದ ಬಂಧುವನ್ನು ಕಾಣಲು ಸ್ಕಾಟ್ಲೆಂಡಿಗೆ ಹೋದನು. ಅಲ್ಲಿ ತಲುಪಿದಾಗ ಆ ಬಂಧು ತೀರಿಕೊಂಡಿದ್ದನು. ಶವಸಂಸ್ಕಾರದಲ್ಲಿ ಅವನು ಅಳುವನ್ನು ತಡೆಯಲು ಬಹಳ ಹೆಣಗಿದರೂ ತಡೆಯಲಾಗಲಿಲ್ಲ. ಸ್ವಲ್ಪ ಕಾಲದಲ್ಲೇ ದೃಷ್ಟಿ ಮಸುಕಾಗಿ, ಪತ್ರಗಳನ್ನು ಬೇರೆಯವರಿಂದ ಓದಿಸಬೇಕಾಯಿತು. ಮುಂದೆ ಐರ್ಲೆಂಡಿನಲ್ಲಿ ಯಾವ ಚಿಕಿತ್ಸೆಯೂ ಇಲ್ಲದೆ ಕಣ್ಣು ಸರಿಯಾಯಿತು. ಆದರೆ ತೊಂದರೆ ಕೆಲವು ವರ್ಷಗಳಲ್ಲಿ ಮರುಕಳಿಸಿತು. ತಡೆಯಲಾಗದ ದುಃಖದ ಪಕ್ಕದಲ್ಲೇ ಕಣ್ಣಿನ ಕಾಯಿಲೆಯನ್ನಿಡುವ ಈ ನಿರೂಪಣೆ ಕಾರಣಕಥನದ ಉತ್ತಮ ನಿದರ್ಶನ.

ಮರುಕಳಿಕೆಯ ಮೂಲ ದೇಹದ ರೋಗನಿರೋಧಕ ವ್ಯವಸ್ಥೆಯಲ್ಲಿದೆ. ರಕ್ತದಲ್ಲಿ ಪ್ರಚೋದಿತಗೊಂಡ ಟಿ ಮತ್ತು ಬಿ ಕಣಗಳು ಮಿದುಳಿನ ರಕ್ಷಣಾ ತಡೆಯನ್ನು ದಾಟಿ ಒಳಸೇರುತ್ತವೆ. ನರತಂತುಗಳ ಹೊದಿಕೆಯಾದ ಮೈಲಿನ್ ಅನ್ನು ಪರಕೀಯ ವಸ್ತುವೆಂಬಂತೆ ಆಕ್ರಮಿಸಿ ಉರಿಯೂತವನ್ನುಂಟುಮಾಡುತ್ತವೆ. 1987ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ನಿರೋಧಕ ಕಣಗಳನ್ನು ಪ್ರಚೋದಿಸುವ ಗಾಮಾ ಇಂಟರ್‌ಫೆರಾನ್ ಪಡೆದ 18 ರೋಗಿಗಳಲ್ಲಿ 7 ಮಂದಿಗೆ ರೋಗ ಮರುಕಳಿಸಿತು. ಇದಕ್ಕೆ ಪ್ರತಿಯಾಗಿ, ಕಣಗಳು ಮಿದುಳನ್ನು ಪ್ರವೇಶಿಸದಂತೆ ತಡೆಯುವ ನಟಾಲಿಜುಮಾಬ್ ಎಂಬ ಔಷಧಿಯು ಮರುಕಳಿಕೆಯನ್ನು ಗಣನೀಯವಾಗಿ ತಗ್ಗಿಸಿತು. ಉರಿಯೂತ ಇಳಿದು ಮೈಲಿನ್ ಭಾಗಶಃ ಮರಳಿದಾಗ ರೋಗಿ ತಾನಾಗಿಯೇ ಚೇತರಿಸಿಕೊಳ್ಳಬಹುದು. ಆ ಸಮಯದಲ್ಲಿ ಯಾವ ಮದ್ದು, ಯಾವ ಹರಕೆ ನಡೆದಿರುತ್ತದೆಯೋ ಗುಣಪಡಿಸಿದ ಕೀರ್ತಿ ಅದಕ್ಕೆ ಸಲ್ಲುತ್ತದೆ.

ಪರಿಸರದ ಅಂಶಗಳಲ್ಲಿ ರೋಗವನ್ನು ಹುಟ್ಟಿಸುವವು ಹಾಗೂ ಮರುಕಳಿಕೆಗೆ ಪ್ರೇರಕವಾಗುವವು ಬೇರೆಬೇರೆ ಎಂಬುದನ್ನು ಗಮನಿಸಬೇಕು. ಅಮೆರಿಕದ ಒಂದು ಕೋಟಿಗೂ ಹೆಚ್ಚು ಸೇನಾ ಸಿಬ್ಬಂದಿಯ ದಾಖಲೆಗಳನ್ನು ಆಧರಿಸಿದ 2022ರ ಅಧ್ಯಯನವು ಎಪ್‌ಸ್ಟೈನ್-ಬಾರ್ ವೈರಸ್ ಸೋಂಕಿನ ಅನಂತರ ಈ ಕಾಯಿಲೆಯ ಸಂಭವ 32 ಪಟ್ಟು ಹೆಚ್ಚುವುದನ್ನು ತೋರಿಸಿತು. ಇದು ರೋಗದ ಹುಟ್ಟಿಗೆ ಸಂಬಂಧಿಸಿದ್ದು. ಮರುಕಳಿಕೆಗೆ ಸಾಮಾನ್ಯ ವೈರಸ್ ಸೋಂಕುಗಳೂ ಪ್ರೇರಕವಾಗುತ್ತವೆ. 1985ರ ಅಧ್ಯಯನದಲ್ಲಿ ಸೋಂಕಿನ ಆಸುಪಾಸಿನ ವಾರಗಳಲ್ಲಿ ಅದರ ಪ್ರಮಾಣ ಸುಮಾರು ಮೂರು ಪಟ್ಟಿತ್ತು. ಮಾನಸಿಕ ಒತ್ತಡಕ್ಕೂ ಮರುಕಳಿಕೆಗೂ ಸಂಬಂಧವಿದೆ ಎಂದು 14 ಅಧ್ಯಯನಗಳ 2004ರ ಸಮೀಕ್ಷೆ ಕಂಡುಕೊಂಡಿತು. ಆದರೆ ಇಂಥ ರೋಗಿಗೆ ಇಂಥ ಘಟನೆಯೇ ಕಾರಣವೆಂದು ಹೇಳಲು ಅದು ಆಧಾರವಾಗದು. ಡೆಸ್ಟೆಯ ಕಥನ ಅಸಂಭವವಲ್ಲ, ಸಿದ್ಧಪಟ್ಟದ್ದೂ ಅಲ್ಲ.

ಉಷ್ಣದ ವಿಷಯ ಇನ್ನೂ ಸೂಕ್ಷ್ಮವಾದುದು. ಶ್ರಮಪಟ್ಟಾಗ ಇಂತಹ ರೋಗಿಗಳ ದೃಷ್ಟಿ ಮಸುಕಾಗುವುದನ್ನು ಜರ್ಮನಿಯ ನೇತ್ರತಜ್ಞ ಊಟ್‌ಹಾಫ್ 1890ರಲ್ಲಿ ವಿವರಿಸಿದನು. ಮೈ ಬಿಸಿಯಾದಾಗ, ಹೊದಿಕೆ ಕಳೆದುಕೊಂಡ ನರದಲ್ಲಿ ಸಂಕೇತಗಳ ಸಂಚಾರಕ್ಕೆ ಅಡ್ಡಿಯಾಗುತ್ತದೆ. ಮೈ ತಣಿದಾಗ ದೃಷ್ಟಿ ಮರಳುತ್ತದೆ. ಇಲ್ಲಿ ಹೊಸ ಉರಿಯೂತವಿಲ್ಲ. ಆದ್ದರಿಂದಲೇ ಜ್ವರ, ಸೋಂಕುಗಳಿಲ್ಲದೆ ಕನಿಷ್ಠ 24 ಗಂಟೆ ಉಳಿಯುವ ಲಕ್ಷಣಗಳನ್ನು ಮಾತ್ರ ವೈದ್ಯರು ನಿಜವಾದ ಮರುಕಳಿಕೆಯೆಂದು ಪರಿಗಣಿಸುತ್ತಾರೆ. ‘ಉಷ್ಣದಿಂದ ಹೆಚ್ಚಾಯಿತು’ ಎಂಬ ರೋಗಿಯ ಮಾತು ಅನುಭವವಾಗಿ ಸರಿ. ಅದರಿಂದ ‘ಉಷ್ಣವೇ ರೋಗ ತಂದಿತು’ ಎಂದು ತೀರ್ಮಾನಿಸುವುದು ತಪ್ಪು.

ಹೆರಿಗೆಯ ಸಂದರ್ಭದಲ್ಲಿ ಈ ವಿವೇಚನೆ ಹೆಚ್ಚು ಅಗತ್ಯ. ಯುರೋಪಿನ 254 ಮಹಿಳೆಯರನ್ನು ಕುರಿತ 1998ರ ಅಧ್ಯಯನದಲ್ಲಿ, ಗರ್ಭಧಾರಣೆಗೆ ಮುಂಚೆ ವರ್ಷಕ್ಕೆ 0.7ರಷ್ಟಿದ್ದ ಮರುಕಳಿಕೆಯ ಪ್ರಮಾಣ ಗರ್ಭದ ಕೊನೆಯ ಮೂರು ತಿಂಗಳಲ್ಲಿ 0.2ಕ್ಕೆ ಇಳಿದು, ಹೆರಿಗೆಯಾದ ಮೊದಲ ಮೂರು ತಿಂಗಳಲ್ಲಿ 1.2ಕ್ಕೆ ಏರಿತು. ಭ್ರೂಣವನ್ನು ತಾಳಿಕೊಳ್ಳಲು ಬದಲಾದ ನಿರೋಧಕ ವ್ಯವಸ್ಥೆ ಹಿಂದಿನ ಸ್ಥಿತಿಗೆ ಮರಳುವ ಕಾಲವಿದು. ಬಾಣಂತಿಯ ಕಾಯಿಲೆಗೆ ಪಥ್ಯ ತಪ್ಪಿದುದನ್ನೋ ಶೀತ ತಗುಲಿದುದನ್ನೋ ಕಾರಣವಾಗಿ ಹೇಳುವ ವಾಡಿಕೆ ನಮ್ಮಲ್ಲಿದೆ. ಅಂತಹ ಕಥನವನ್ನು ಈ ರೋಗಕ್ಕೆ ಅನ್ವಯಿಸಿದರೆ ನಿರೋಧಕ ವ್ಯವಸ್ಥೆಯ ಬದಲಾವಣೆ ಹೆಣ್ಣಿನ ಅಪರಾಧವಾಗಿ ಮಾರ್ಪಡುತ್ತದೆ. ಚುಚ್ಚುಮದ್ದನ್ನು ದೂಷಿಸುವ ಕಥನದ ಪರಿಣಾಮವೂ ಗಂಭೀರವಾದುದು. ಧನುರ್ವಾಯು, ಹೆಪಟೈಟಿಸ್-ಬಿ, ಇನ್‌ಫ್ಲುಯೆಂಜಾ ಲಸಿಕೆಗಳಿಂದ ಮರುಕಳಿಕೆ ಹೆಚ್ಚುವುದಿಲ್ಲವೆಂದು 2001ರ ಯುರೋಪಿನ ಅಧ್ಯಯನ ತೋರಿಸಿದೆ. ಲಸಿಕೆಯಿಂದ ದೂರ ಉಳಿದವರು ಮರುಕಳಿಕೆಗೆ ನಿಜವಾಗಿ ಪ್ರೇರಕವಾಗುವ ಸೋಂಕಿಗೇ ಒಡ್ಡಿಕೊಂಡಂತಾಗುತ್ತದೆ.

ಎಂ.ಆರ್.ಐ. ಚಿತ್ರಗಳು ಇನ್ನೊಂದು ಸಂಗತಿಯನ್ನು ಹೊರಗೆಡಹಿವೆ. ಮಿದುಳಿನಲ್ಲಿ ಹೊಸ ಗಾಯಗಳು ಅನೇಕ ವೇಳೆ ಯಾವ ಲಕ್ಷಣವನ್ನೂ ತೋರದೆ ಮೂಡುತ್ತವೆ. ರೋಗಿಗೆ ಆರಂಭವೆಂದು ತೋರುವುದು ರೋಗದ ಚಟುವಟಿಕೆಯ ಆರಂಭವಾಗಿರಬೇಕೆಂದಿಲ್ಲ; ಹಿಂದಿನ ದಿನದ ಘಟನೆಯಲ್ಲಿ ಕಾರಣವನ್ನು ಹುಡುಕುವ ಕಥನದ ಮಿತಿ ಇಲ್ಲಿದೆ.

ಆದ್ದರಿಂದ ಕ್ಷೇತ್ರಕಾರ್ಯದಲ್ಲಿ ತೊಡಗಿದವರು ರೋಗ ಹುಟ್ಟಿದ್ದು ಹೇಗೆ, ಅದು ಮರುಕಳಿಸಿದ್ದು ಏಕೆ, ಇದ್ದ ಲಕ್ಷಣ ಉಲ್ಬಣಿಸಿದ್ದು ಯಾವಾಗ ಎಂಬ ಮೂರು ಪ್ರಶ್ನೆಗಳನ್ನು ಪ್ರತ್ಯೇಕವಾಗಿ ಕೇಳಿ ದಾಖಲಿಸಬೇಕು. ಈ ಕಥನಗಳು ರೋಗಿಯ ಅನುಭವವನ್ನು ಅರಿಯಲು ಅಮೂಲ್ಯ ಸಾಕ್ಷ್ಯಗಳು. ಆದರೆ ಯಾರನ್ನೂ ತಪ್ಪಿತಸ್ಥರನ್ನಾಗಿಸಲು ಅವು ಆಧಾರವಾಗಬಾರದು.